ನಾನಿಡದ ಪಾಸ್‌ವರ್ಡು

“ನಾವು ಪಾಸ್‌ವರ್ಡೇ ಇಟ್ಟಿಲ್ಲ ಮೇಡಂ, ಆದ್ರೂ ಕೇಳ್ತಾ ಇದೆ.”

ಈ ಒಂದು ಮಾತನ್ನು ನನ್ನ ಕೆಲಸದ ಜೀವನದಲ್ಲಿ ಎಷ್ಟು ಸಲ ಕೇಳಿದ್ದೇನೋ ನೆನಪಿಲ್ಲ. ಹಲಸೂರಿನಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಕಂಪನಿ ಇತ್ತು. ಅಂಗಡಿ, ದವಾಖಾನೆ, ಶಾಲೆ, ಪ್ರೆಸ್ಸು, ಹೀಗೆ ಯಾರ ಕಂಪ್ಯೂಟರಿನಲ್ಲಿ ಏನಿದೆಯೋ ಅದರ ಇನ್ನೊಂದು ನಕಲು ತಾನಾಗಿಯೇ ಬೇರೆ ಡಿಸ್ಕಿಗೆ ಹೋಗುವಂತೆ ಸಾಫ್ಟ್‌ವೇರ್ ಹಾಕಿಕೊಡುವುದು ನಮ್ಮ ಕೆಲಸ. ಇದಕ್ಕೆ ಬ್ಯಾಕಪ್ ಅನ್ನುತ್ತಾರೆ. ಮೂಲ ಕೆಟ್ಟರೆ ನಕಲು ಇರಬೇಕು, ಅಷ್ಟೇ ವಿಷಯ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಸ್ಕೂಟರಿನಲ್ಲಿ ಓಡಾಡಿಕೊಂಡು ಬದುಕಿದೆ. ಅಪ್ಪ ಅಮ್ಮ ಇಟ್ಟ ಹೆಸರು ನಾಗರತ್ನ. ಗಿರಾಕಿಗಳು ಇಟ್ಟಿದ್ದು ‘ಬ್ಯಾಕಪ್ ಮೇಡಂ’.

ಈಗ ನನ್ನ ಅಕ್ಕನ ಮಗಳು ಮಹದೇವಪುರದಲ್ಲಿ ಇಂಥದ್ದೇ ಕೆಲಸಕ್ಕೆ ಸೇರಿದ್ದಾಳೆ. “ಚಿಕ್ಕಮ್ಮಾ, ನಿನ್ನ ಟಿಪ್ಸ್ ಏನಾದ್ರೂ ಇದ್ರೆ ವಾಟ್ಸಾಪ್ ಮಾಡು,” ಅಂದಳು. ಮೂವತ್ತು ವರ್ಷದ ಅನುಭವವನ್ನು ವಾಟ್ಸಾಪ್ ಮಾಡಬೇಕಂತೆ! ಅವಳ ಮೇಲಿನ ಸಿಟ್ಟಿಗೆ ಇಷ್ಟು ಉದ್ದ ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಸಂಬಳ ಏರಿತು, ಯಾವ ಕುರ್ಚಿ ಸಿಕ್ಕಿತು ಅನ್ನುವುದು ಇಲ್ಲಿ ಇಲ್ಲ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ನಾನು ಎಲ್ಲಿ ಎಡವಿದೆ ಅನ್ನುವುದು ಇದೆ.

ನಿವೃತ್ತಿಗೆ ಇನ್ನು ಇಪ್ಪತ್ತೆರಡು ದಿನ ಇದ್ದಾಗ ಒಂದು ಬೆಳಿಗ್ಗೆ ಸಬೀಹಾಳ ಫೋನ್ ಬಂತು. ಸಬೀಹಾ ಶಿವಾಜಿನಗರದ ಗಲ್ಲಿಯೊಂದರಲ್ಲಿ ಮದುವೆ ಕಾರ್ಡಿನ ಪ್ರೆಸ್ ನಡೆಸುತ್ತಾಳೆ. ಅದನ್ನು ಶುರುಮಾಡಿದವರು ಅವಳ ತಾತ. ಅವರು ಕಾತಿಬ್, ಅಂದರೆ ಉರ್ದು ಅಕ್ಷರಗಳನ್ನು ಕಲಮಿನಲ್ಲಿ ಅಂದವಾಗಿ ಬರೆಯುವುದನ್ನೇ ಕಸುಬು ಮಾಡಿಕೊಂಡವರು. ಗಲ್ಲಿಯಲ್ಲಿ ಎಲ್ಲರಿಗೂ ಅವರು ಕಾತಿಬ್ ಸಾಹೇಬರು. ನಿಜವಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

“ಮೇಡಂ, ನಮ್ಮ ಕಂಪ್ಯೂಟರ್ ಸತ್ತೋಯ್ತು,” ಅಂದಳು ಸಬೀಹಾ. “ಹೊಸದು ತಂದಿದ್ದೀನಿ. ನೀವು ಹಾಕ್ಕೊಟ್ಟಿದ್ರಲ್ಲ ಬ್ಯಾಕಪ್ ಡಿಸ್ಕು, ಅದನ್ನ ಸಿಗಿಸಿದ್ರೆ ಪಾಸ್‌ವರ್ಡ್ ಕೇಳ್ತಾ ಇದೆ. ನಾವು ಪಾಸ್‌ವರ್ಡೇ ಇಟ್ಟಿಲ್ಲ.”

“ಇಟ್ಟಿಲ್ಲ ಅಂತ ನಂಗೂ ಗೊತ್ತು ಕಣಮ್ಮಾ, ಹಾಕಿದ್ದು ನಾನೇ ಅಲ್ವಾ? ಸಂಜೆ ಬರ್ತೀನಿ ಬಿಡು.”

“ಸಂಜೆ ಬೇಡ ಮೇಡಂ, ಈಗ್ಲೇ ಬನ್ನಿ. ಅದ್ರಲ್ಲಿ ನನ್ನ ಕಾರ್ಡಿದೆ.”

ಅವಳ ದನಿ ಒಡೆದಿತ್ತು. ಆ ಕಾರ್ಡಿನ ವಿಷಯ ನನಗೂ ಗೊತ್ತಿತ್ತು.

ಐದು ವರ್ಷದ ಹಿಂದೆ ಕಾತಿಬ್ ಸಾಹೇಬರ ಬಲಗೈ ನಡುಗಲು ಶುರುವಾಯಿತು. ಇದು ಕಡಿಮೆಯಾಗುವುದಿಲ್ಲ, ಬರಬರುತ್ತಾ ಜಾಸ್ತಿಯಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟರು. ಬೇರೆಯವರಾಗಿದ್ದರೆ ಅತ್ತು ಕೂರುತ್ತಿದ್ದರು. ಇವರು ಕೂತು ಬರೆದರು. ಕೈ ಇನ್ನೂ ಮಾತು ಕೇಳುತ್ತಿದ್ದ ಬೆಳಗಿನ ಹೊತ್ತಿನಲ್ಲಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಮೊಮ್ಮಗಳ ಮದುವೆ ಕಾರ್ಡನ್ನು ಬರೆದು ಮುಗಿಸಿದರು. ಆಗ ಅವಳಿಗೆ ಮದುವೆಯೂ ಗೊತ್ತಾಗಿರಲಿಲ್ಲ, ಹುಡುಗನೂ ಗೊತ್ತಾಗಿರಲಿಲ್ಲ. ಹುಡುಗನ ಹೆಸರಿಗೆ ಏನು ಮಾಡುವುದು? ಅದಕ್ಕೂ ಅವರು ದಾರಿ ಹುಡುಕಿದರು. ಬಿಡಿ ಹಾಳೆಗಳ ಮೇಲೆ ನಲವತ್ತು ಹುಡುಗರ ಹೆಸರು ಬರೆದಿಟ್ಟರು! ಯಾವನಾದರೂ ಬರಲಿ, ಹೆಸರು ತಯಾರಾಗಿರಲಿ ಅಂತ. ಸಬೀಹಾ ನಾಚಿಕೆಯಿಂದ ಕೆಂಪಾಗಿ ಆ ನಲವತ್ತನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದಳು. ಆ ವಾರವೇ ನಾನು ಹೋಗಿ ಬ್ಯಾಕಪ್ ಹಾಕಿಕೊಟ್ಟಿದ್ದೆ. ಮರುವರ್ಷದ ಮಳೆಗೆ ಅಂಗಡಿಯೊಳಗೆ ಚರಂಡಿ ನೀರು ನುಗ್ಗಿ ಮೂಲ ಹಾಳೆಗಳು ಮುದ್ದೆಯಾದವು. “ಹೋಗ್ಲಿ ಬಿಡಿ ದಾದಾ, ಕಂಪ್ಯೂಟರಲ್ಲಿದೆಯಲ್ಲ,” ಎಂದು ಸಬೀಹಾ ತಾತನಿಗೆ ಸಮಾಧಾನ ಹೇಳಿದ್ದಳಂತೆ. ಈಗ ಮದುವೆ ಗೊತ್ತಾಗಿತ್ತು. ಕಂಪ್ಯೂಟರ್ ಸತ್ತಿತ್ತು. ಸಾಹೇಬರಿಗೆ ಚಹಾದ ಲೋಟ ಹಿಡಿಯಲೂ ಎರಡು ಕೈ ಬೇಕಾಗಿತ್ತು. ನಾಲ್ಕು ದಿನದೊಳಗೆ ಕಾರ್ಡು ಅಚ್ಚಾಗಬೇಕಿತ್ತು.

ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ತಲೆಯಲ್ಲಿ ಸೆಲ್ವರಾಜ್ ಸಾರ್ ಪಾಠ ಓಡುತ್ತಿತ್ತು.

ಸೆಲ್ವರಾಜ್ ಸಾರ್ ನನ್ನ ಮೊದಲ ಮೇಲಧಿಕಾರಿ. ಮನೆಮಾತು ತಮಿಳು, ಬೈಯುವುದು ಕನ್ನಡದಲ್ಲಿ, ಹೊಗಳುವುದು ಯಾವ ಭಾಷೆಯಲ್ಲೂ ಇಲ್ಲ. “ಪಾಸ್‌ವರ್ಡ್ ಕೇಳ್ತಿದೆ ಅಂತ ಓಡ್ಬಂದು ನಂಗೆ ಹೇಳ್ಬೇಡ. ಕೇಳ್ತಿರೋದು ಯಾರು ಅಂತ ಮೊದ್ಲು ನೋಡು. ಬಾಗ್ಲು ತಟ್ಟಿದ್ರೆ ಯಾರು ಅಂತ ಕೇಳಲ್ವಾ ನಿಮ್ಮನೇಲಿ?” ಅನ್ನುತ್ತಿದ್ದರು. ಅವರ ಪ್ರಕಾರ ಕೇಳುವವರು ಮೂರೇ ಜನ. ಒಂದು, ಕಂಪ್ಯೂಟರೇ ಕೇಳುವುದು. ಎರಡು, ನಕಲು ಇಡುವ ಡಿಸ್ಕು ಬೇರೆ ಕೋಣೆಯಲ್ಲಿ ನೆಟ್‌ವರ್ಕಿನಲ್ಲಿದ್ದರೆ ಅದು ಕೇಳುವುದು. ಮೂರು, ನಕಲಿಗೇ ಬೀಗ ಹಾಕಿದ್ದರೆ ಬ್ಯಾಕಪ್ ಸಾಫ್ಟ್‌ವೇರ್ ಕೇಳುವುದು. ಪರದೆಯಲ್ಲಿ ಮೂಡುವ ಕಿಟಕಿಯ ತಲೆಯ ಮೇಲೇ ಕೇಳುವವರ ಹೆಸರು ಬರೆದಿರುತ್ತದೆ, ಓದುವ ತಾಳ್ಮೆ ಬೇಕು ಅಷ್ಟೇ.

ಆ ತಾಳ್ಮೆ ನನಗೆ ಸುಲಭಕ್ಕೆ ಬರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂದಿರಾನಗರದ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಹೋಗಿದ್ದೆ. “ನಿಮ್ಮ ಬ್ಯಾಕಪ್ಪಿಗೆ ತಲೆ ಕೆಟ್ಟಿದೆ, ದಿನಾ ಪಾಸ್‌ವರ್ಡ್ ಕೇಳುತ್ತೆ,” ಅಂದರು. ನಾನು ಹಿಂದೆಮುಂದೆ ನೋಡದೆ ಕೂತು, ನಮ್ಮ ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟಿದ್ದ ಪಾಸ್‌ವರ್ಡನ್ನು ಒತ್ತಿದೆ. ತಪ್ಪು ಅಂತು. ಮತ್ತೆ ಒತ್ತಿದೆ. ತಪ್ಪು. ಜೋರಾಗಿ ಒತ್ತಿದರೆ ಒಪ್ಪಿಕೊಳ್ಳುತ್ತದೇನೋ ಎಂಬಂತೆ ಐದಾರು ಸಲ ಒತ್ತಿದೆ. ಕಂಪ್ಯೂಟರ್ ಪೂರ್ತಿ ಲಾಕ್ ಆಗಿ ಕೂತುಬಿಟ್ಟಿತು. ಹೊರಗೆ ಕೆನ್ನೆ ಹಿಡಿದುಕೊಂಡು ಒಂಬತ್ತು ಜನ ಕೂತಿದ್ದರು. ಯಾರ ಹಲ್ಲು ಯಾವುದು, ಯಾರಿಗೆ ಎಲ್ಲಿಯವರೆಗೆ ಬೇರು ತೆಗೆದಿದೆ, ಎಲ್ಲಾ ಆ ಪೆಟ್ಟಿಗೆಯೊಳಗೆ.

ಆಮೇಲೆ ಗೊತ್ತಾಯಿತು, ಹಿಂದಿನ ವಾರ ಡಾಕ್ಟರು ಕಂಪ್ಯೂಟರಿನ ಪಾಸ್‌ವರ್ಡ್ ಬದಲಾಯಿಸಿದ್ದರು. ಬ್ಯಾಕಪ್ ಪಾಪ ಹಳೆಯ ಬೀಗದ ಕೈ ಹಿಡಿದುಕೊಂಡು ದಿನಾ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಕೇಳುತ್ತಿದ್ದದ್ದು ಕಂಪ್ಯೂಟರು, ಬೈಸಿಕೊಂಡದ್ದು ಬ್ಯಾಕಪ್ಪು. ಸೆಲ್ವರಾಜ್ ಸಾರ್ ಫೋನಿನಲ್ಲಿ ನನಗೆ ಮಂಗಳಾರತಿ ಎತ್ತಿದ್ದು ಎಷ್ಟು ಜೋರಾಗಿತ್ತೆಂದರೆ, ಕೆನ್ನೆ ಹಿಡಿದು ಕೂತಿದ್ದ ಒಬ್ಬ ಅಜ್ಜಿ “ಅಯ್ಯೋ, ಹೆಣ್ಮಗೂನ ಯಾಕಪ್ಪಾ ಹಂಗೆ ಬೈತೀಯ,” ಎಂದು ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಅವರಿಗೇ ತಿರುಗಿಸಿ ಬೈದರು. ಆ ದಿನದಿಂದ ಸಾರ್ ನನಗೆ ಗಿರಾಕಿಗಳ ಎದುರು ಬೈಯುವುದು ನಿಲ್ಲಿಸಿದರು.

ಇನ್ನೊಬ್ಬರು ಕಲ್ಯಾಣ ನಗರದ ಒಂದು ಬಡಾವಣೆ ಸಂಘದ ಕಾರ್ಯದರ್ಶಿ. ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಶಿಸ್ತು ಅಂದರೆ ಪ್ರಾಣ. ಅವರಲ್ಲಿ ನಕಲು ಹೋಗುತ್ತಿದ್ದದ್ದು ಮಹಡಿಯ ಮೇಲಿನ ನೆಟ್‌ವರ್ಕ್ ಡಿಸ್ಕಿಗೆ. ಆ ಡಿಸ್ಕಿನ ಪಾಸ್‌ವರ್ಡನ್ನು ಅವರು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ ಬೀರುವಿನಲ್ಲಿ ಇಡುತ್ತಿದ್ದರು. ಒಂದು ದಿನ ಕರೆಂಟು ಹೋಗಿ ಬಂದ ಮೇಲೆ ಡಿಸ್ಕು ಪಾಸ್‌ವರ್ಡ್ ಕೇಳಿತು. ಕಮಿಟಿಯ ಇಬ್ಬರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಕಾರ್ಯದರ್ಶಿಗಳು ಮುದ್ರೆ ಒಡೆದರು. ಒಳಗಿನ ಕಾಗದದಲ್ಲಿ ಅವರದೇ ದುಂಡು ಅಕ್ಷರದಲ್ಲಿ ಹೀಗಿತ್ತು: ‘ಹಿಂದಿನ ಪತ್ರದಲ್ಲಿ ತಿಳಿಸಿರುವಂತೆ.’

“ಹಿಂದಿನ ಪತ್ರ ಎಲ್ಲಿದೆ ಸಾರ್?” ಅಂದೆ.

“ಹೊಸ ಪತ್ರ ಇಟ್ಟ ಮೇಲೆ ಹಳೇದನ್ನ ಹರಿದು ಹಾಕ್ಬೇಕಲ್ವೇನ್ರೀ? ಅದು ನಿಯಮ.”

ನಗು ತಡೆಯಲು ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ಅವರ ಹೆಂಡತಿ ಒಳಗಿನಿಂದಲೇ ಕೂಗಿದರು: “ರೀ, ನೀವು ಬರೆದ ಎಲ್ಲಾದಕ್ಕೂ ಆಫೀಸ್ ಕಾಪಿ ಅಂತ ಒಂದು ಇಟ್ಕೋತೀರಲ್ಲ, ಅದ್ರಲ್ಲಿ ನೋಡಿ!” ನಿಜವಾಗಿಯೂ ಒಂದು ಫೈಲಿನಲ್ಲಿ ಆಫೀಸ್ ಕಾಪಿ ಇತ್ತು. ಕಾರ್ಬನ್ ಪ್ರತಿ, ಮೇಲೆ ಅವರದೇ ಸಹಿ. ಶಿಸ್ತು ಅವರನ್ನು ಮುಳುಗಿಸಿತ್ತು, ಇನ್ನೊಂದು ಶಿಸ್ತು ದಡಕ್ಕೆ ತಂದಿತು.

ಇಂಥವರ ಜೊತೆ ಹೊಸ ಹೊಸ ವಿಧಾನಗಳನ್ನೂ ಕಲಿಯುತ್ತಾ ಬಂದೆವು. ನಾನು ಸೇರಿದಾಗ ನಕಲು ಹೋಗುತ್ತಿದ್ದದ್ದು ಹಾಡಿನ ಕ್ಯಾಸೆಟ್ಟಿನಂಥ ಟೇಪಿಗೆ. ಆಮೇಲೆ ಸೀಡಿ ಬಂತು, ಆಮೇಲೆ ಜೇಬಿನಲ್ಲಿಡುವ ಡಿಸ್ಕು. ‘ಒಂದು ನಕಲನ್ನು ಸುರಕ್ಷಿತ ಜಾಗದಲ್ಲಿಡಿ’ ಎಂದು ಹೇಳಿದ್ದಕ್ಕೆ ಹಲಸೂರಿನ ಒಬ್ಬ ತಾಯಿ ಡಿಸ್ಕನ್ನು ದೇವರ ಮನೆಯಲ್ಲಿಟ್ಟು ದಿನಾ ಕುಂಕುಮ ಹಚ್ಚಿ, ತಂತಿ ಸಿಗಿಸುವ ತೂತೇ ಮುಚ್ಚಿಹೋಗಿತ್ತು. ಹಳೆಯ ಟೂತ್ ಬ್ರಷ್ಷಿನಲ್ಲಿ ಅರ್ಧ ಗಂಟೆ ಉಜ್ಜಿದ್ದೇನೆ. ಈಗ ಎಲ್ಲಾ ಇಂಟರ್‌ನೆಟ್ಟಿನಲ್ಲಿ ಮೇಲೆಲ್ಲೋ ಹೋಗಿ ಕೂರುತ್ತದೆ, ಪಾಸ್‌ವರ್ಡಿನ ಮೇಲೆ ಮೊಬೈಲಿಗೆ ಓಟಿಪಿ ಬೇರೆ. ಕೇಳುವವರು ಹೆಚ್ಚಾಗಿದ್ದಾರೆ, ಕೇಳುತ್ತಿರುವುದು ಯಾರು ಅನ್ನುವ ಪ್ರಶ್ನೆ ಮಾತ್ರ ಹಾಗೇ ಇದೆ.

ಶಿವಾಜಿನಗರ ತಲುಪಿದೆ. ಪ್ರೆಸ್ಸಿನ ಬಾಗಿಲಲ್ಲೇ ಸಬೀಹಾ ನಿಂತಿದ್ದಳು. ಒಳಗೆ ಹೊಸ ಕಂಪ್ಯೂಟರ್, ಅದರ ಪಕ್ಕದಲ್ಲಿ ನಾನು ಕೊಟ್ಟಿದ್ದ ಡಿಸ್ಕು, ಅದರ ಪಕ್ಕದ ಕುರ್ಚಿಯಲ್ಲಿ ಕಾತಿಬ್ ಸಾಹೇಬರು. ಬಲಗೈಯನ್ನು ಎಡಗೈಯಿಂದ ಅದುಮಿ ತೊಡೆಯ ಮೇಲಿಟ್ಟುಕೊಂಡಿದ್ದರು.

“ಬಾ ಬೇಟಿ, ಕೂತ್ಕೋ. ಮೊದ್ಲು ಚಹಾ ಕುಡಿ,” ಅಂದರು.

“ಚಹಾ ಆಮೇಲೆ ಸಾಹೇಬ್ರೇ. ಐದು ನಿಮಿಷದ ಕೆಲ್ಸ ಇದು, ಮುಗಿಸ್ಬಿಡ್ತೀನಿ.”

ಐದು ನಿಮಿಷ ಅಂದೆನಲ್ಲಾ, ಆ ಬಾಯಿಗೆ ಮಣ್ಣು ಹಾಕಬೇಕು. ಕಿಟಕಿಯ ಹೆಸರು ಓದಿದೆ. ಕೇಳುತ್ತಿದ್ದದ್ದು ಕಂಪ್ಯೂಟರಲ್ಲ. ಡಿಸ್ಕು ತಂತಿಯಲ್ಲೇ ಇತ್ತು, ನೆಟ್‌ವರ್ಕಿನ ಮಾತೇ ಇಲ್ಲ. ಕೇಳುತ್ತಿದ್ದದ್ದು ಮೂರನೆಯವನು, ಬ್ಯಾಕಪ್ ಸಾಫ್ಟ್‌ವೇರ್. ಅಂದರೆ ನಕಲಿಗೇ ಬೀಗ ಬಿದ್ದಿದೆ. ಆ ಬೀಗಕ್ಕೆ ಬೇರೆ ಕೈ ಇರುವುದಿಲ್ಲ, ಮಾಡಿದ ಕಂಪನಿಯವರೂ ತೆಗೆಯಲಾರರು. ಸರಿಯಾದ ಪಾಸ್‌ವರ್ಡ್ ಇಲ್ಲದಿದ್ದರೆ ಒಳಗಿರುವುದು ಇದ್ದೂ ಸತ್ತ ಹಾಗೆ.

ಖಾಲಿ ಬಿಟ್ಟು ಒತ್ತಿದೆ. ಆಗಲಿಲ್ಲ. ಹಳೆಯ ಕಂಪ್ಯೂಟರಿನ ಪಾಸ್‌ವರ್ಡ್, ಪ್ರೆಸ್ಸಿನ ಹೆಸರು, ಅವರ ಫೋನ್ ನಂಬರು, ಸಬೀಹಾ ಹುಟ್ಟಿದ ದಿನ, ಅವರು ಶುಭಕ್ಕೆಂದು ಎಲ್ಲಾದರ ತಲೆಯ ಮೇಲೆ ಬರೆಯುವ 786, ನಮ್ಮ ಕಂಪನಿಯವರು ಸೋಮಾರಿತನಕ್ಕೆ ಇಡುತ್ತಿದ್ದ ಒಂದೆರಡು. ಯಾವುದಕ್ಕೂ ಜಗ್ಗಲಿಲ್ಲ.

“ನೀವೇನಾದ್ರೂ ಪಾಸ್‌ವರ್ಡ್ ಹಾಕಿದ್ರಾ? ಆಮೇಲೆ ಯಾವಾಗಾದ್ರೂ?” ಸಬೀಹಾಳನ್ನು ಕೇಳಿದೆ.

“ನಾನು ಆ ಬ್ಯಾಕಪ್ಪನ್ನ ಮುಟ್ಟೇ ಇಲ್ಲ ಮೇಡಂ. ಅದ್ರ ಪಾಡಿಗೆ ಅದು ನಡೀತಿತ್ತು.”

“ಸಾಹೇಬ್ರೇ, ನೀವು?”

“ನಾನೆಲ್ಲಿ ಪಾಸ್‌ವರ್ಡ್ ಗೀಸ್‌ವರ್ಡ್ ಹಾಕ್ಲಮ್ಮಾ? ನಂಗೆ ಆ ಯಂತ್ರ ಆನ್ ಮಾಡೋಕೂ ಬರಲ್ಲ.”

ನನ್ನ ಚೀಲದಲ್ಲಿದ್ದ ಸರ್ವಿಸ್ ಪುಸ್ತಕ ತೆಗೆದು ಆ ಐದು ವರ್ಷದ ಹಿಂದಿನ ಪುಟ ಹುಡುಕಿದೆ. ‘ಪಾಸ್‌ವರ್ಡ್: ಇಲ್ಲ.’ ಕೆಳಗೆ ನನ್ನ ಸಹಿ. ನನ್ನ ಸಹಿ ನೋಡಿ ನನಗೆ ಧೈರ್ಯ ಬಂದು, ನಾಲಿಗೆ ಉದ್ದವಾಯಿತು. “ನೋಡಮ್ಮಾ, ನಾನಂತೂ ಇಟ್ಟಿಲ್ಲ, ಬರೆದಿದ್ದೀನಿ. ಇಲ್ಲಿ ಕೆಲ್ಸಕ್ಕಿದ್ದೋರು ಯಾರಾದ್ರೂ ಹಾಕಿರ್ಬೇಕು,” ಅಂದುಬಿಟ್ಟೆ.

ಅಲ್ಲಿ ಕೆಲಸಕ್ಕಿದ್ದವರೆಲ್ಲ ಸಬೀಹಾಳ ಚಿಕ್ಕಪ್ಪಂದಿರ ಮಕ್ಕಳು. ಈ ಮಾತನ್ನು ನಾನು ಆಡಬಾರದಾಗಿತ್ತು. ಇಂದಿಗೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಹೊರಗೆ ಹೋಗಿ ಸೆಲ್ವರಾಜ್ ಸಾರ್‌ಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು, ಹಲಸೂರು ಕೆರೆಯ ಹತ್ತಿರ ಮಗಳ ಮನೆಯಲ್ಲಿದ್ದರು. ಎಲ್ಲಾ ಕೇಳಿಸಿಕೊಂಡು, “ಪುಸ್ತಕದಲ್ಲಿ ಇಲ್ಲ ಅಂತ ಬರ್ದಿದೆ ಅಂತೀಯ. ಬರ್ದೋರು ಯಾರು?” ಅಂದರು.

“ನಾನೇ ಸಾರ್.”

“ಹಂಗಾದ್ರೆ ಅದನ್ನ ನಂಬ್ಬೇಡ. ಐದು ವರ್ಷದಲ್ಲಿ ಒಂದ್ಸಲನಾದ್ರೂ ಬೇರೆ ಕಂಪ್ಯೂಟರಿಗೆ ಹಾಕಿ, ತೆಗ್ದು ನೋಡಿದ್ಯಾ?”

ನೋಡಿರಲಿಲ್ಲ. ಬ್ಯಾಕಪ್ ಮಾಡುವಾಗ ಪಾಸ್‌ವರ್ಡ್ ಕೇಳುವುದಿಲ್ಲ. ಹಾಕಿದ ಕಂಪ್ಯೂಟರಿನಲ್ಲೇ ಇದ್ದರೆ ಅದು ನೆನಪಿಟ್ಟುಕೊಂಡಿರುತ್ತದೆ, ದಿನಾ ಹಸಿರು ದೀಪ ತೋರಿಸುತ್ತದೆ. ಬೇರೆ ಕಂಪ್ಯೂಟರಿನಲ್ಲಿ ತೆರೆಯಲು ಹೋದಾಗಲೇ ಕೇಳುವುದು. ವರ್ಷಕ್ಕೊಂದು ಸಲ ತೆಗೆದು ನೋಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ನಾನು. ಶಿವಾಜಿನಗರದ ಗಲ್ಲಿಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಗುವುದಿಲ್ಲವೆಂದು ಅಲ್ಲಿಗೆ ಮಾತ್ರ ಹೋಗಿರಲಿಲ್ಲ. ಅಕ್ಕನ ಮಗಳೇ, ನಿನಗೆ ಬೇಕಾದ ಟಿಪ್ಸ್ ಇದೇ. ಹಸಿರು ದೀಪ ನಂಬಬೇಡ, ತೆಗೆದು ನೋಡು.

ಒಳಗೆ ಬಂದೆ. ಸಬೀಹಾ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ನನಗೆ ಬಿಸ್ಕತ್ತಿನ ತಟ್ಟೆ ಮುಂದೆ ಮಾಡಿದಳು. “ಬಿಡಿ ಮೇಡಂ. ಕಂಪ್ಯೂಟರಲ್ಲಿ ಬೇಕಾದಷ್ಟು ಅಕ್ಷರ ಸಿಗುತ್ತೆ, ಅದ್ರಲ್ಲೇ ಮಾಡ್ಕೋತೀನಿ,” ಅಂದಳು. ಆಮೇಲೆ ತಡೆಯಲಾರದೆ, “ಈ ಊರಲ್ಲಿ ಎಷ್ಟು ಜನರ ಕಾರ್ಡು ನನ್ನ ದಾದಾ ಕೈಯಲ್ಲಿ ಬರ್ದಿದ್ದಾರೆ. ನನ್ನದೊಂದೇ ಮೇಡಂ, ಯಾರೋ ಮಾಡಿದ ಅಕ್ಷರದಲ್ಲಿ ಹೋಗೋದು,” ಎಂದಳು.

ಸಾಹೇಬರು ಅವಳ ಕಡೆ ನೋಡಲಿಲ್ಲ. “ಖರಾಬಾದ್ರೂ ಪರವಾಗಿಲ್ಲ, ನಾನೇ ಈಗ ಬರೀತೀನಿ,” ಅಂದರು. ಕಲಮು ಎತ್ತಿಕೊಳ್ಳಲು ಹೋದರು. ಅದು ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಟ್ಟೆ.

ಸುಮ್ಮನೆ ಕೂರಲಾಗದೆ, ಇನ್ನು ಮುಂದಿನದಾದರೂ ಉಳಿಯಲಿ ಎಂದು ಹೊಸ ಕಂಪ್ಯೂಟರಿಗೆ ಹೊಸ ಬ್ಯಾಕಪ್ ಹಾಕಲು ಶುರುಮಾಡಿದೆ. ಒಂದೊಂದೇ ಪುಟ ದಾಟುತ್ತಾ ಪಾಸ್‌ವರ್ಡಿನ ಪುಟಕ್ಕೆ ಬಂದೆ. ಎರಡು ಖಾಲಿ ಚೌಕಗಳು, ಒಂದರ ಕೆಳಗೊಂದು. ಬೇಕಿದ್ದರೆ ಎರಡರಲ್ಲೂ ಒಂದೇ ಪಾಸ್‌ವರ್ಡ್ ಬರೆಯಬೇಕು, ಬೇಡವಾದರೆ ಖಾಲಿ ಬಿಟ್ಟು ಮುಂದೆ ಹೋಗಬಹುದು. ಅಷ್ಟರಲ್ಲಿ ಸಬೀಹಾ ಕರೆದಳು, ಚಹಾದ ತಟ್ಟೆ ತೆಗೆದುಕೊಳ್ಳಲು ಆ ಕಡೆ ತಿರುಗಿದೆ.

ಹಿಂದಿನಿಂದ ಕೀಲಿಮಣೆಯ ಸದ್ದು ಬಂತು. ಟಕ್. ಟಕ್. ಟಕ್.

ತಿರುಗಿ ನೋಡಿದರೆ ಕಾತಿಬ್ ಸಾಹೇಬರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು, ಒಂದೇ ಬೆರಳಿನಲ್ಲಿ ಪೂರ್ಣವಿರಾಮದ ಚುಕ್ಕೆಯಿರುವ ಕೀಲಿ ಒತ್ತುತ್ತಿದ್ದರು. ಮೇಲಿನ ಚೌಕದಲ್ಲಿ ಕಪ್ಪು ಚುಕ್ಕೆಗಳ ಸಾಲು ಬೆಳೆಯುತ್ತಿತ್ತು. ಪಾಸ್‌ವರ್ಡಿನ ಚೌಕದಲ್ಲಿ ಏನು ಒತ್ತಿದರೂ ಕಾಣುವುದು ಚುಕ್ಕೆಯೇ ತಾನೇ.

“ಸಾಹೇಬ್ರೇ! ಏನ್ ಮಾಡ್ತಿದ್ದೀರಿ?”

“ಹೊಸ ಯಂತ್ರ ಅಲ್ವಾ ಬೇಟಿ? ಚುಕ್ಕೆ ಹಾಕಿ ನೋಡ್ತಿದ್ದೀನಿ,” ಅಂದರು ಏನೂ ಆಗದವರಂತೆ. “ಹೊಸ ಕಲಮು ಬಂದ್ರೆ ನಾವು ಮೊದ್ಲು ಅಕ್ಷರ ಬರಿಯಲ್ಲ. ಚುಕ್ಕೆ ಹಾಕ್ತೀವಿ. ಒಂದರ ಪಕ್ಕ ಒಂದು. ಎಲ್ಲಾ ಒಂದೇ ಸಮ ಬಂದ್ರೆ ಕಲಮು ಸರಿಯಿದೆ ಅಂತ. ಅಕ್ಷರದ ಎತ್ತರನೂ ಚುಕ್ಕೇಲೇ ಅಳೀತೀವಿ. ಹೋದ್ಸಲನೂ ಹಾಕಿ ನೋಡಿದ್ನಲ್ಲ, ನೀನು ಫೋನಿಗೆ ಅಂತ ಹೊರಗೆ ಹೋಗಿದ್ದೆ. ಎಷ್ಟು ಚೆನ್ನಾಗಿ ಹಾಕ್ತು ಅಂತೀಯ! ಎಲ್ಲಾ ಒಂದೇ ಅಳತೆ.”

ಚಹಾದ ತಟ್ಟೆಯನ್ನು ಅಲ್ಲೇ ಕೆಳಗಿಟ್ಟೆ. ಆ ದಿನ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಇದೇ ಪುಟದಲ್ಲಿ ನಿಲ್ಲಿಸಿ, ಪ್ರೆಸ್ಸಿನ ಗಡಗಡ ಸದ್ದಿಗೆ ಏನೂ ಕೇಳಿಸದೆ ಫೋನ್ ಹಿಡಿದುಕೊಂಡು ಗಲ್ಲಿಗೆ ಹೋಗಿದ್ದೆ. ಬಂದವಳೇ ಚೌಕಗಳನ್ನು ನೋಡದೆ ‘ಮುಂದೆ’ ಒತ್ತಿದ್ದೆ. ಆಮೇಲೆ ಪುಸ್ತಕದಲ್ಲಿ ಠೀವಿಯಿಂದ ‘ಇಲ್ಲ’ ಎಂದು ಬರೆದು ಸಹಿ ಹಾಕಿದ್ದೆ.

“ಅವಾಗ ಎರಡು ಚೌಕದಲ್ಲೂ ಹಾಕಿದ್ರಾ ಸಾಹೇಬ್ರೇ?”

“ಮತ್ತೆ? ಮೇಲಿನ ಸಾಲು ಎಷ್ಟೋ ಕೆಳಗಿನದೂ ಅಷ್ಟೇ ಇರ್ಬೇಕು. ಇಲ್ಲಾಂದ್ರೆ ಪುಟ ಡೊಂಕಾಗುತ್ತೆ.”

“ದಾದಾ!” ಸಬೀಹಾ ಕಿರುಚಿದಳು. “ಬೆಳಗಿಂದ ಕೇಳ್ತಾ ಇದೀವಲ್ಲ, ಹೇಳ್ಬಾರ್ದಿತ್ತಾ?”

ಸಾಹೇಬರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಪಾಸ್‌ವರ್ಡ್ ಹಾಕಿದ್ರಾ ಅಂತ ಕೇಳಿದ್ರಿ. ನಾನು ಹಾಕಿಲ್ಲ. ಚುಕ್ಕೆ ಹಾಕಿದ್ರಾ ಅಂತ ಯಾರು ಕೇಳಿದ್ರಿ?”

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ, ಹಾಗಾಗಿತ್ತು ನಮ್ಮ ಕಥೆ. ನಾನು ಸಬೀಹಾಳ ಎರಡೂ ಕೈ ಹಿಡಿದುಕೊಂಡೆ. “ತಪ್ಪು ನಂದಮ್ಮಾ. ಅವರದ್ದೂ ಅಲ್ಲ, ನಿಮ್ಮ ಹುಡುಗ್ರದ್ದೂ ಅಲ್ಲ. ನಾನು ನೋಡದೆ ಒತ್ತಿದೆ, ನೋಡದೆ ಬರೆದೆ. ಅವಾಗ್ಲೇ ನಿಮ್ಮೋರ ಮೇಲೆ ಹೇಳಿದ್ನಲ್ಲ, ಅದನ್ನ ಮನಸ್ಸಿಗೆ ಹಾಕ್ಕೋಬೇಡ,” ಅಂದೆ. ಅವಳು ಅಳುತ್ತಲೇ ನಕ್ಕು, “ಮೊದ್ಲು ತೆಗೀರಿ ಮೇಡಂ, ಆಮೇಲೆ ಜಗಳ ಆಡೋಣ,” ಅಂದಳು.

ಡಿಸ್ಕು ತೆರೆಯುವ ಕಿಟಕಿಯನ್ನು ಮತ್ತೆ ಮುಂದೆ ತಂದೆ. “ಎಷ್ಟು ಚುಕ್ಕೆ ಸಾಹೇಬ್ರೇ?”

“ಏಳು. ನಾನು ಕಾರ್ಡಿಗೆ ಬರಿಯೋ ಬಗೇಲಿ ಅಲಿಫ್ ಏಳು ಚುಕ್ಕೆ ಎತ್ತರ. ಯಾವತ್ತೂ ಏಳೇ.”

ಅಲಿಫ್ ಅಂದರೆ ಅವರ ಮೊದಲ ಅಕ್ಷರ, ನಿಂತ ಗೆರೆಯ ಹಾಗಿರುತ್ತದೆ. ನಾನೇ ಒತ್ತಬಹುದಿತ್ತು. ಮನಸ್ಸು ಬರಲಿಲ್ಲ. ಕೀಲಿಮಣೆಯನ್ನು ಅವರ ಮುಂದೆ ಸರಿಸಿದೆ. ಅವರು ಒಂದೊಂದಾಗಿ ಎಣಿಸುತ್ತಾ ಒತ್ತಿದರು. ಕೊನೆಯಲ್ಲಿ ಬೆರಳು ನಡುಗಿ ಒಂದು ಹೆಚ್ಚಾಯಿತು. “ಎಂಟು ಬಿತ್ತು, ಅಳಿಸು ಅಳಿಸು,” ಎಂದು ಅವರೇ ಗಾಬರಿಯಾದರು. ಎಲ್ಲಾ ಅಳಿಸಿದೆ. ಈ ಸಲ ಸಬೀಹಾ ಬಗ್ಗಿ ತಾತನ ಮಣಿಕಟ್ಟು ಹಿಡಿದುಕೊಂಡಳು. ಒಂದು, ಎರಡು, ಮೂರು. ಏಳು ಚುಕ್ಕೆ ಸಾಲಾಗಿ ನಿಂತವು. ‘ಸರಿ’ ಒತ್ತಿದೆ.

ತೆರೆಯಿತು!

ಪರದೆಯ ತುಂಬಾ ಫೈಲುಗಳು. ಮೊದಲನೆಯದೇ ಅವಳ ಕಾರ್ಡು. ಕೆಳಗೆ ನಲವತ್ತು ಹುಡುಗರು ಸಾಲಾಗಿ ನಿಂತಿದ್ದರು. ಸಬೀಹಾಳ ಬೆರಳು ಒಂದೊಂದನ್ನೇ ದಾಟಿ ಕೆಳಗೆ ಬಂದು ಮೂವತ್ತೊಂದನೆಯದರ ಮೇಲೆ ನಿಂತಿತು.

“ಜುಬೇರ್,” ಎಂದಳು ಮೆಲ್ಲಗೆ. ಹುಡುಗನ ಹೆಸರು ಅದು.

“ಸಿಕ್ಕಿದ್ನಾ?” ಅಂದರು ಸಾಹೇಬರು. “ಒಳ್ಳೇದಾಯ್ತು. ನಲವತ್ತರಲ್ಲಿ ಇರ್ದೇ ಇದ್ದಿದ್ರೆ ಹುಡುಗನ್ನೇ ಬದಲಾಯಿಸ್ಬೇಕಾಗ್ತಿತ್ತು.”

ಆ ಗಲ್ಲಿಗೆಲ್ಲ ಕೇಳುವ ಹಾಗೆ ನಕ್ಕೆವು. ಅಕ್ಕಪಕ್ಕದವರು ಬಂದು ಏನಾಯ್ತು ಎಂದು ಇಣುಕಿದರು. ನಾನು ಅಲ್ಲೇ ಸರ್ವಿಸ್ ಪುಸ್ತಕದ ಹಳೆಯ ಪುಟ ತೆಗೆದು ‘ಇಲ್ಲ’ ಎಂಬುದನ್ನು ಹೊಡೆದುಹಾಕಿ, ನಡೆದದ್ದನ್ನು ನಡೆದಂತೆ ಬರೆದು ಮತ್ತೆ ಸಹಿ ಮಾಡಿದೆ. ಹೊಸ ಬ್ಯಾಕಪ್ಪನ್ನು ಮೊದಲಿನಿಂದ ಹಾಕಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆಗೆದು ತೋರಿಸಿಯೇ ಎದ್ದೆ. ಅಷ್ಟು ಹೊತ್ತಿಗೆ ಮೂರು ಸುತ್ತು ಚಹಾ ಆಗಿತ್ತು.

ಎರಡು ದಿನ ಬಿಟ್ಟು ಸಬೀಹಾ ಮತ್ತೆ ಕರೆದಳು. ಹೋದೆ. ಯಂತ್ರದಿಂದ ಮೊದಲ ಕಾರ್ಡು ಹೊರಗೆ ಬಂತು, ತಿಳಿ ಹಸಿರು ಕಾಗದದ ಮೇಲೆ ಚಿನ್ನದ ಬಣ್ಣದ ಅಕ್ಷರ. ಮೊದಲ ಕಾರ್ಡು ಮನೆಯ ಹಿರಿಯರ ಕೈಗೇ ಹೋಗಬೇಕಂತೆ. ಅವಳು ಅದನ್ನು ತಾತನಿಗೆ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಬೇಟಿ, ಇಲ್ಲಿ ಬಾ,” ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ನಂಗೆ ಓದೋಕ್ಕೆ ಬರಲ್ಲ ಸಾಹೇಬ್ರೇ,” ಅಂದೆ.

“ನಾನು ಓದ್ತೀನಿ. ನೀನು ನೋಡ್ತಾ ಇರು.”

ಬಲಗಡೆಯಿಂದ ಎಡಗಡೆಗೆ, ಒಂದೊಂದು ಮಾತಿನ ಕೆಳಗೂ ಬೆರಳಿಟ್ಟು ನಿಧಾನವಾಗಿ ಓದುತ್ತಾ ಹೋದರು. ಮೊಮ್ಮಗಳ ಹೆಸರು ಬಂದಾಗ ಸ್ವಲ್ಪ ನಿಂತು ಮತ್ತೆ ಮುಂದೆ ಹೋದರು. ಅವರ ಬೆರಳು ಉದ್ದಕ್ಕೂ ನಡುಗುತ್ತಲೇ ಇತ್ತು. ಕಾರ್ಡಿನ ಮೇಲಿನ ಅಕ್ಷರ ಒಂದೂ ನಡುಗಿರಲಿಲ್ಲ.